ಕೇಪಿನ ಕೋವಿ ಮತ್ತು ಸೇವಂತಿಗೆ ಮೊಗ್ಗು

ನನಗೆ ಧೈರ್ಯ ಬರುವುದು ಯಾವಾಗಲೂ ಅಪಾಯ ಮುಗಿದ ಮೇಲೆ. ಧಾರವಾಡದಲ್ಲಿ ಕಾಲೇಜಿಗೆ ಹೋಗುತ್ತಿದ್ದಾಗ ಒಂದು ಹೋರಿ ಅಟ್ಟಿಸಿಕೊಂಡು ಬಂದಿತ್ತು. ಸೈಕಲ್ಲನ್ನು ಅದಕ್ಕೇ ಬಿಟ್ಟುಕೊಟ್ಟು ಓಡಿದ ನಾನು, ಸಂಜೆ ಚಹಾದಂಗಡಿಯ ಬೆಂಚಿನ ಮೇಲೆ ಕೂತು, ಹೋರಿಯ ಕೊಂಬನ್ನು ಯಾವ ಕೋನದಲ್ಲಿ ಹಿಡಿದು ತಿರುವಿದರೆ ಅದು ನೆಲಕ್ಕುರುಳುತ್ತದೆ ಎಂದು ಗೆಳೆಯರಿಗೆ ಚಿತ್ರ ಬರೆದು ತೋರಿಸಿದ್ದೆ. ಎಂಜಿನಿಯರಿಂಗ್ ಓದಿದವರ ಶೌರ್ಯಕ್ಕೆ ಒಂದು ಕಾಗದ, ಒಂದು ಪೆನ್ಸಿಲು ಮತ್ತು ಹೋರಿಯ ಗೈರುಹಾಜರಿ ಇದ್ದರೆ ಸಾಕು. ಈಗ ನನ್ನ ಈ ಗುಣ ಸಮುದ್ರ ದಾಟಿ ಕೆನಡಾದ ವುಡ್‌ಬ್ರಿಡ್ಜಿಗೆ ಬಂದಿದೆ. ಜಿಂಕೆ ಬೇಟೆಗೆ ಯಾವ ಕೋವಿ ಕೊಳ್ಳಬೇಕು ಎಂದು ಯಾರಾದರೂ ಕೇಳಿದರೆ ಅರ್ಧ ಗಂಟೆ ನಿಲ್ಲಿಸದೆ ಮಾತಾಡಬಲ್ಲೆ. ನಾನು ಹುಟ್ಟಾ ಸಸ್ಯಾಹಾರಿ. ಕೇಕಿನೊಳಗಿನ ಮೊಟ್ಟೆಯನ್ನು ಕೂಡ ಅದು ನನಗೆ ಗೊತ್ತಿಲ್ಲ ಎಂಬ ಮುಖ ಮಾಡಿಕೊಂಡೇ ತಿನ್ನುವವನು. ಆದರೆ ಕೋವಿಯ ವಿಚಾರದಲ್ಲಿ ನನ್ನಷ್ಟು ಹತ್ತಿರದಿಂದ ಕಂಡವರು ಕಡಿಮೆ. ಅದರ ಬಾಯನ್ನು ನಾನು ಎದುರಿನಿಂದಲೇ ನೋಡಿದ್ದೇನೆ.

ಕೋವಿ ನನ್ನದಲ್ಲ, ನನ್ನ ಹೆಂಡತಿ ದೇಚಮ್ಮನದು. ಅವಳು ಕೊಡಗಿನವಳು. ಬೆಂಗಳೂರಿನಲ್ಲಿ ಇಬ್ಬರೂ ಒಂದೇ ಆಫೀಸಿನಲ್ಲಿದ್ದಾಗ ಪರಿಚಯವಾಗಿ ಮದುವೆಯಾದದ್ದು. ಮೊದಲ ಸಲ ಅವರ ಮನೆಗೆ ಹೋದಾಗ, ನಮ್ಮ ಮನೆಗಳಲ್ಲಿ ಕ್ಯಾಲೆಂಡರು ತೂಗುಹಾಕುವ ಜಾಗದಲ್ಲಿ ಕೋವಿ ತೂಗುಹಾಕಿದ್ದನ್ನು ಕಂಡು, ನಾನು ತಂದಿದ್ದ ಪೇಢಾದ ಡಬ್ಬಿಯನ್ನು ಸ್ವಲ್ಪ ಬೇಗನೇ ಕೊಟ್ಟುಬಿಟ್ಟೆ. ಅವಳು ಎಂಟನೆಯ ಕ್ಲಾಸಿನಲ್ಲಿದ್ದಾಗಲೇ ಹಬ್ಬದ ದಿನ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆದು ಬಹುಮಾನ ಗೆದ್ದವಳು. ನಾನು ಅದೇ ವಯಸ್ಸಿನಲ್ಲಿ ತೆಂಗಿನಕಾಯಿಯನ್ನು ಕಲ್ಲಿಗೆ ಒಡೆಯಲು ಹೋಗಿ ಹೆಬ್ಬೆರಳು ಜಜ್ಜಿಕೊಂಡವನು.

ಕೆನಡಾಕ್ಕೆ ಬಂದು ಎಷ್ಟೋ ವರ್ಷ ಅವಳು ಕೋವಿಯ ಮಾತೆತ್ತಿರಲಿಲ್ಲ. ಮಗಳು ದೊಡ್ಡವಳಾದ ಮೇಲೆ ಒಂದು ದಿನ ತಾನೇ ಹೋಗಿ ಬೇಟೆಯ ಕೋರ್ಸು ಮುಗಿಸಿ, ಪರೀಕ್ಷೆ ಬರೆದು, ಲೈಸೆನ್ಸು ತಂದಳು. ಇಲ್ಲಿ ಹಳೆಯ ಕಾಲದ ಕೇಪಿನ ಕೋವಿಗೆಂದೇ ಜಿಂಕೆಯ ಸೀಸನ್ನು ಬೇರೆ ಇದೆ ಎಂದು ತಿಳಿದಾಗ ಅವಳ ಮುಖ ಅರಳಿದ್ದನ್ನು ನಾನು ಮರೆಯಲಾರೆ. ಕೇಪಿನ ಕೋವಿ ಎಂದರೆ ನಳಿಗೆಯ ಬಾಯಿಂದ ಮದ್ದು ಸುರಿದು, ಅದರ ಮೇಲೆ ಗುಂಡು ಇಟ್ಟು, ಉದ್ದ ಕಡ್ಡಿಯಿಂದ ತಳ್ಳಿ, ಹಿಂದುಗಡೆ ಅಂಗಿಯ ಗುಂಡಿಯಷ್ಟು ಪುಟ್ಟ ಕೇಪು ಸಿಕ್ಕಿಸಿ ಹೊಡೆಯುವ ಕೋವಿ. ಒಂದು ಸಲಕ್ಕೆ ಒಂದೇ ಗುಂಡು. "ನಮ್ಮ ತಾತನ ಕಾಲದ್ದು ಇದೇ ಅಲ್ವಾ," ಎನ್ನುತ್ತ ಅವಳು ಸ್ಟ್ರೀಟ್ಸ್‌ವಿಲ್‌ನಲ್ಲಿ ಬೇಟೆ ಬಿಟ್ಟಿದ್ದ ಒಬ್ಬ ಮುದುಕರಿಂದ ಒಂದು ಹಳೆಯ ಕೋವಿ ಕೊಂಡು ತಂದಳು. ಅದು ಐವತ್ನಾಲ್ಕರ ಕೋವಿ. ಈ ಸಂಖ್ಯೆ ನಳಿಗೆಯ ತೂತಿನ ಅಗಲ, ಇಂಚಿನ ನೂರನೆಯ ಭಾಗಗಳಲ್ಲಿ. ನನಗೆ ಇದು ತಕ್ಷಣ ಅರ್ಥವಾಯಿತು, ಯಾಕೆಂದರೆ ಕಟ್ಟಡಗಳಲ್ಲಿ ಗಾಳಿ ಹರಿಯುವ ಡಕ್ಟುಗಳ ಅಗಲ ನಿರ್ಧರಿಸುವುದೇ ನನ್ನ ನೌಕರಿ. ಈ ತಿಳಿವಳಿಕೆಯೇ ಮುಂದೆ ನನ್ನ ತಲೆಯನ್ನು ಇರಬಾರದ ಜಾಗಕ್ಕೆ ಒಯ್ದಿತು.

ಸೆಪ್ಟೆಂಬರಿನಲ್ಲಿ ಕೊಡವರಿಗೆ ಕೈಲ್‌ಪೊಳ್ದ್ ಹಬ್ಬ. ಅಂದು ಆಯುಧಗಳಿಗೆ ಪೂಜೆ. ಕೋವಿಯ ಬಾಯಿಗೆ ತೋಕ್ ಪೂ ಎಂಬ, ಬೆಂಕಿಯ ನಾಲಗೆಯಂತಹ ಕೆಂಪು ಹಳದಿ ಹೂವನ್ನು ಸಿಕ್ಕಿಸುತ್ತಾರೆ. ನಮ್ಮ ಬೇಸ್‌ಮೆಂಟಿನಲ್ಲಿ ಕೋವಿಯ ಜೊತೆ ಅಡಿಗೆಮನೆಯ ಚಾಕುಗಳು, ಹುಲ್ಲು ಕತ್ತರಿಸುವ ಯಂತ್ರ ಮತ್ತು ಹಿಮ ಬಳಿಯುವ ಸಲಿಕೆ ಸಾಲಾಗಿ ಕೂತವು. ತೋಕ್ ಪೂ ವುಡ್‌ಬ್ರಿಡ್ಜಿನಲ್ಲಿ ಎಲ್ಲಿ ಸಿಗಬೇಕು? ಗ್ರೋಸರಿ ಅಂಗಡಿಯಿಂದ ತಂದ ಗುಚ್ಛದಲ್ಲಿ ಹಳದಿ ಸೇವಂತಿಗೆಯ ಪುಟ್ಟ ಪುಟ್ಟ ಮೊಗ್ಗುಗಳಿದ್ದವು. ದೇಚಮ್ಮ ಒಂದಷ್ಟನ್ನು ನಳಿಗೆಯ ಬಾಯಿಗೆ ಒತ್ತಿಟ್ಟು ಕೈಮುಗಿದಳು. ನಾನು ಅಗರಬತ್ತಿ ಹಚ್ಚಿದೆ. ಅವಳು ಹಂದಿಮಾಂಸದ ಪಂದಿ ಕರಿ ಮಾಡಿದಳು, ನಾನು ಅದರ ಜೊತೆಗಿನ ಅಕ್ಕಿಯ ಉಂಡೆ ಕಡಂಬುಟ್ಟಿಗೆ ಚಟ್ನಿ ಹಚ್ಚಿಕೊಂಡು ತಿಂದೆ. ಮರುದಿನ ಹೂವು ತೆಗೆದಳು. ಇಟ್ಟ ಹೂವನ್ನೆಲ್ಲ ತೆಗೆದೆವೋ ಎಂದು ಪೂಜೆಯಾದ ಮೇಲೆ ಎಣಿಸುವವರು ಯಾರಾದರೂ ಇದ್ದಾರೆಯೇ?

ಕೆಲವು ವಾರ ಬಿಟ್ಟು, ಊರಿನ ಉತ್ತರಕ್ಕಿರುವ ಒಂದು ಕ್ಲಬ್ಬಿನ ಬಯಲಿಗೆ ಗುರಿ ಅಭ್ಯಾಸಕ್ಕೆ ಹೋದೆವು. ನಾನು ಹೋದದ್ದು ಚಹಾದ ಫ್ಲಾಸ್ಕು ಹೊರಲು. ದೇಚಮ್ಮ ಮದ್ದು ತುಂಬಿ, ಗುಂಡು ತಳ್ಳಿ, ಕೇಪು ಸಿಕ್ಕಿಸಿ, ಗುರಿಯಿಟ್ಟು ಟ್ರಿಗರ್ ಎಳೆದಳು. 'ಟಪ್' ಎಂದು ಕೇಪು ಸಿಡಿಯಿತು. ಅಷ್ಟೇ. ಕೋವಿ ಸುಮ್ಮನಿತ್ತು. ಅವಳೂ ಕೋವಿಯನ್ನು ಗುರಿಯ ಕಡೆಗೇ ಹಿಡಿದು ಸುಮ್ಮನೆ ನಿಂತಳು.

"ಹಾಗೇ ಇರಿ. ಯಾರೂ ಅಲ್ಲಾಡ್ಬೇಡಿ," ಎಂದಳು.

ಯಾರೂ ಎಂದರೆ ನಾನೊಬ್ಬನೇ. ಆದರೆ ಡಕ್ಟಿನಲ್ಲಿ ಏನೋ ಕಟ್ಟಿಕೊಂಡಿದೆ ಎಂದಾಗ ನನ್ನ ಕಾಲು ನಿಲ್ಲುವುದಿಲ್ಲ. "ಒಳಗ ಏನರೆ ಬ್ಲಾಕ್ ಆಗೇದೇನು, ನೋಡ್ತೀನಿ ತಡಿ," ಎಂದು ಅವಳ ಎಡಗಡೆಯಿಂದ ಮುಂದೆ ಬಂದು, ಸೊಂಟ ಬಗ್ಗಿಸಿ, ಪಕ್ಕದಿಂದಲೇ ಕತ್ತು ಚಾಚಿ ನಳಿಗೆಯ ಬಾಯಿಗೆ ಕಣ್ಣು ಕೊಡಲು ಹೊರಟೆ. ಅದೊಂದು ದುಂಡಗಿನ, ಕಪ್ಪು, ಅತ್ಯಂತ ಶಾಂತವಾದ ತೂತು. ಆ ಶಾಂತಿಯನ್ನು ನಾನು ಇನ್ನೂ ಮೆಚ್ಚಿಕೊಳ್ಳುತ್ತಿರುವಾಗಲೇ ದೇಚಮ್ಮ, ಕೋವಿಯನ್ನು ಒಂದಿಂಚೂ ಕದಲಿಸದೆ, ಬೂಟುಗಾಲಿನಿಂದ ನನ್ನ ಮೊಣಕಾಲಿನ ಹಿಂಬದಿಗೆ ಒದ್ದಳು. ನಾನು ಜಲ್ಲಿಕಲ್ಲಿನ ಮೇಲೆ ಮಕಾಡೆ ಬಿದ್ದೆ. ನನ್ನ ಗಲ್ಲ ನೆಲಕ್ಕೆ ತಾಗುವುದಕ್ಕೂ ಕೋವಿ ಢಂ ಎನ್ನುವುದಕ್ಕೂ ಸರಿಹೋಯಿತು.

ಹೊಗೆ ಕರಗಿದಾಗ ನನ್ನ ಸ್ವೆಟರಿನ ಮೇಲೆ ಅರೆಸುಟ್ಟ ಹಳದಿ ಎಸಳೊಂದು ಬಂದು ಕೂತಿತು. ಬಯಲಿನ ಮೇಲ್ವಿಚಾರಕ ನಡೆದುಬಂದು, ನನ್ನನ್ನು ನೋಡಿ, ಇವನು ನಿಮ್ಮ ಕಡೆಯವನೇ ಎಂದು ದೇಚಮ್ಮನನ್ನು ಕೇಳಿದ. ನನ್ನ ಗಂಡ, ಎಂದಳು. "ಸಾರಿ," ಎಂದ ಆತ. ಯಾವುದಕ್ಕೆ ಸಾರಿ ಎಂಬುದನ್ನು ವಿವರಿಸಲಿಲ್ಲ.

ದೇಚಮ್ಮ ಆ ಎಸಳನ್ನು ಬೆರಳಲ್ಲಿ ಎತ್ತಿಕೊಂಡಳು. "ಸೇವಂತಿಗೆ," ಎಂದಳು. ಹಬ್ಬದ ಮೊಗ್ಗೊಂದು ನಳಿಗೆಯೊಳಗೆ ಜಾರಿ, ತಳ ಸೇರಿ, ಒಣಗಿ ಕೂತಿತ್ತು. ಅದರ ಮೇಲೆ ಮದ್ದು ಬಿದ್ದಿತ್ತು. ಕೇಪಿನ ಕಿಡಿ ಮದ್ದಿಗೆ ಮುಟ್ಟದೆ ಹೂವಿಗೆ ಮುಟ್ಟಿ, ಹೂವು ಅಗರಬತ್ತಿಯ ಹಾಗೆ ನಿಧಾನವಾಗಿ ಹೊಗೆಯಾಡಿ, ಕೊನೆಗೆ ಮದ್ದಿಗೆ ಸುದ್ದಿ ಮುಟ್ಟಿಸಿತ್ತು. ತುಂಬುವ ಮೊದಲು ಕಡ್ಡಿ ಇಳಿಸಿ ತಳ ತಾಗುತ್ತದೆಯೇ ಎಂದು ನೋಡಬೇಕು ಎಂಬುದು ಅವಳ ಅಪ್ಪ ಕಲಿಸಿದ ಮೊದಲ ಪಾಠವಂತೆ. ಆ ದಿನ ಅವಳು ಅದನ್ನು ಮಾಡಿರಲಿಲ್ಲ. ನನ್ನ ಅಪ್ಪ ಕಲಿಸಿದ ಮೊದಲ ಪಾಠ ಮಗ್ಗಿ. ಆ ದಿನ ಅದರ ಉಪಯೋಗ ಬೀಳಲಿಲ್ಲ.

ಅಂದಿನಿಂದ ನನ್ನ ತಲೆಯಲ್ಲಿ ಆ ಚಿತ್ರ ಓಡುತ್ತಲೇ ಇದೆ. ಟೋಸ್ಟರಿನಿಂದ ಬ್ರೆಡ್ಡು ಹಾರಿದರೆ ಮೇಜಿನ ಕೆಳಗೆ ಕೂರುತ್ತೇನೆ. ಆಫೀಸಿನ ಮೀಟಿಂಗಿನಲ್ಲಿ ಡಕ್ಟಿನ ನಕ್ಷೆಯನ್ನು ಪರದೆಯ ಮೇಲೆ ತೋರಿಸುವಾಗ, ಆ ವೃತ್ತದೊಳಗಿನಿಂದ ಏನೋ ಹೊರಬರಲಿದೆ ಎನಿಸಿ ಪಕ್ಕಕ್ಕೆ ಸರಿದು ನಿಲ್ಲುತ್ತೇನೆ. ಒಂದು ಸಲ ಚಿತ್ರದಲ್ಲಿ ನಾನು ಅರ್ಧ ಅಡಿ ಮುಂದಿರುತ್ತೇನೆ, ಇನ್ನೊಂದು ಸಲ ದೇಚಮ್ಮನ ಕಾಲು ಸ್ವಲ್ಪ ತಡವಾಗುತ್ತದೆ. ಹೀಗೆ ನಾನು ಇಷ್ಟರಲ್ಲೇ ಅದೆಷ್ಟು ಸಲ ಸತ್ತಿದ್ದೇನೋ ಲೆಕ್ಕವಿಲ್ಲ. ಆದರೂ ಇದು ನನ್ನ ತೊಂದರೆ ಅಲ್ಲ. ತೊಂದರೆ ಶುರುವಾದದ್ದು ಮನೆಗೆ ಬಂದ ಮೇಲೆ.

ದೇಚಮ್ಮ ಕೋವಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದಳು. ಬೇಟೆಯ ಕಿತ್ತಳೆ ಬಣ್ಣದ ಜಾಕೀಟನ್ನು ಯಾರಿಗಾದರೂ ಕೊಡಲೆಂದು ಚೀಲದಲ್ಲಿ ತುರುಕಿದಳು. ಆಮೇಲೆ ನಾನು ಹೇಳಿದ್ದಕ್ಕೆಲ್ಲ "ಆಯ್ತು" ಎನ್ನತೊಡಗಿದಳು. ಮನೆಯ ಹೀಟರನ್ನು ಎಷ್ಟಕ್ಕೆ ಇಡಬೇಕು ಎಂಬುದು ನಮ್ಮಿಬ್ಬರ ನಡುವೆ ಈ ದೇಶಕ್ಕೆ ಬಂದಾಗಿನಿಂದ ನಡೆಯುತ್ತಿದ್ದ ಯುದ್ಧ. ಒಂದು ದಿನ ನಾನು ಸುಮ್ಮನೆ, ಅಭ್ಯಾಸಬಲದಿಂದ, "ಸ್ವಲ್ಪ ಕಡಿಮಿ ಮಾಡೂಣೇನು?" ಎಂದೆ. "ಆಯ್ತು," ಎಂದು ಎದ್ದು ಹೋಗಿ ಕಡಿಮೆ ಮಾಡಿ, ಶಾಲು ಹೊದ್ದು ಕೂತಳು. ನನಗೆ ನಿಜವಾಗಿ ಚಳಿಯಾಯಿತು. ಪಂದಿ ಕರಿಯ ಪಾತ್ರೆ ಮೇಲಿನ ಶೆಲ್ಫಿಗೆ ಹೋಯಿತು. ದಿನಾ ಜೋಳದ ರೊಟ್ಟಿ, ಎಣ್ಣೆಗಾಯಿ. ಮದುವೆಯಾದಾಗಿನಿಂದ ನಾನು ಬೇಡಿಕೊಂಡದ್ದೆಲ್ಲ ತಟ್ಟೆಯಲ್ಲಿ ಬಂದು ಬೀಳುತ್ತಿತ್ತು, ನಾನು ಅರ್ಧಕ್ಕೇ ತಟ್ಟೆ ಸರಿಸುತ್ತಿದ್ದೆ. ಮಗಳು ಮುತ್ತು ಕೂಡ ಹೆದರಿ ನನ್ನ ಹತ್ತಿರ ಬಂದಳು. "ಅಪ್ಪ, is Amma okay? ಸ್ಲೀಪ್‌ಓವರ್‌ಗೆ ಹೋಗ್ಲಾ ಅಂದ್ರೆ she just said ಆಯ್ತು."

ಥಾರ್ನ್‌ಹಿಲ್‌ನಲ್ಲಿರುವ ಬೆಳಗಾವಿಯ ಗೆಳೆಯ ಪಾಟೀಲನಿಗೆ ಫೋನು ಮಾಡಿ ಕಷ್ಟ ಹೇಳಿಕೊಂಡೆ.

"ಹೇಣ್ತಿ ಹೇಳಿದ್ದಕ್ಕೆಲ್ಲ ಆಯ್ತು ಅನ್ನಾಕತ್ತಾಳ?" ಎಂದ ಅವನು.

"ಹೌದೋ."

"ಜಗಳಿಲ್ಲ, ತಂಟಿಲ್ಲ?"

"ಏನೂ ಇಲ್ಲ."

"ಲೇ, ಆ ಕ್ಲಬ್ಬಿನ ಅಡ್ರೆಸ್ ಕಳಸೋ. ನಾನೂ ಹೋಗಿ ಗನ್ನಿನ ಮುಂದ ನಿಂತು ಬರ್ತೀನಿ."

ಅವನಿಗೆ ಅರ್ಥವಾಗಲಿಲ್ಲ. ಕೋವಿ ಒರೆಸುತ್ತ ಯಾವುದೋ ಹಾಡು ಗುನುಗುವ, ನನ್ನ ಪ್ರತಿ ಮಾತಿಗೂ ಎದುರು ಮಾತು ತಯಾರಿಟ್ಟುಕೊಂಡಿರುವ ಹೆಂಗಸನ್ನು ನಾನು ಮದುವೆಯಾಗಿದ್ದೆ. ಈಗ ಮನೆಯಲ್ಲಿ ಓಡಾಡುತ್ತಿರುವವಳು ಬಹಳ ಒಳ್ಳೆಯವಳು, ಆದರೆ ನನಗೆ ಪರಿಚಯವಿಲ್ಲ. ಒಂದು ಸಂಜೆ ಧೈರ್ಯ ಮಾಡಿ ಕೇಳಿದೆ. "ಸೀಸನ್ ಬರಾಕತ್ತೇತಿ. ಹೋಗಂಗಿಲ್ಲೇನು?"

"ಬೇಡ. ನಿಮ್ಮನ್ನ ಕಳ್ಕೊಂಡು ಜಿಂಕೆ ತರೋದಾ?"

"ನಾ ಇಲ್ಲೇ ಅದೀನಲ್ಲ."

"ಆಯ್ತು," ಎಂದು ಒಳಗೆ ಹೋದಳು.

ಅಂದೇ ತೀರ್ಮಾನಿಸಿದೆ. ಈ ಸೀಸನ್ನಿಗೆ ದೇಚಮ್ಮ ಕೋವಿ ಹಿಡಿದು ಹೋಗಲೇಬೇಕು. ಹೋಗದಿದ್ದರೆ ನನಗೆ ನನ್ನ ಹೆಂಡತಿ ವಾಪಸ್ಸು ಸಿಗುವುದಿಲ್ಲ. ಹೆದರಿಕೆ ಇಲ್ಲವೇ ಎಂದರೆ, ಇತ್ತು. ಅದನ್ನು ಜೊತೆಯಲ್ಲೇ ಕರೆದುಕೊಂಡು ಹೋಗುವುದೆಂದು ನಿಶ್ಚಯಿಸಿದೆ. ನನ್ನ ವೃತ್ತಿಯ ಬುದ್ಧಿ ಉಪಯೋಗಿಸಿ ಸಮಸ್ಯೆಯ ಮೂಲ ಹುಡುಕಿದೆ. ಮೂಲ ಸ್ಪಷ್ಟವಾಗಿತ್ತು: ನಳಿಗೆ ಅಗಲವಾಗಿತ್ತು, ಅದಕ್ಕೇ ಮೊಗ್ಗು ಒಳಗೆ ಹೋಯಿತು. ಮೊಗ್ಗು ಹೋಗದಷ್ಟು ಕಿರಿದಾದ ನಳಿಗೆಯ ಕೋವಿ ತಂದರೆ ಕೆಲಸ ಮುಗಿಯಿತು.

ವುಡ್‌ಬ್ರಿಡ್ಜಿನ ಕಾರ್ಖಾನೆಗಳ ಸಾಲಿನಲ್ಲಿ, ಟೈಲ್ಸ್ ಅಂಗಡಿ ಮತ್ತು ಬೇಕರಿಯ ನಡುವೆ, ಬಂದೂಕಿನ ಅಂಗಡಿಯೊಂದಿದೆ. ಒಂದು ಮಧ್ಯಾಹ್ನ ಅಲ್ಲಿಗೆ ಹೋದೆ. ಜೇಬಿನಲ್ಲಿ ಉಪ್ಪಿನಕಾಯಿಯ ಪುಟ್ಟ ಡಬ್ಬಿ, ಅದರೊಳಗೆ ಟಿಶ್ಯೂ ಹಾಸಿ ಮಲಗಿಸಿದ ಸೇವಂತಿಗೆಯ ಮೊಗ್ಗು. ಗಲ್ಲೆಯ ಹಿಂದೆ ಟೋನಿ ಎಂಬ ದಪ್ಪ ಮೀಸೆಯ ಮನುಷ್ಯನಿದ್ದ. ಕೇಪಿನ ಕೋವಿ ನೋಡಬೇಕು ಎಂದೆ. ಏನು ಹೊಡೆಯಲು ಎಂದ. ಜಿಂಕೆ ಎಂದೆ. ನನ್ನನ್ನು ಮೇಲಿಂದ ಕೆಳಗೆ ನೋಡಿ, ನೀವೇ ಹೊಡೆಯುತ್ತೀರಾ ಎಂದ. ನನ್ನ ಹೆಂಡತಿ ಎಂದೆ. ಅವಳಿಗೆ ಎಂಥದ್ದು ಬೇಕು ಎಂದ. ನಾನು ಡಬ್ಬಿ ತೆರೆದು ಮೊಗ್ಗನ್ನು ಗಲ್ಲೆಯ ಮೇಲಿಟ್ಟು, ಇದು ಒಳಗೆ ಹೋಗಬಾರದು ಎಂದೆ.

ಟೋನಿ ಮೊಗ್ಗನ್ನು ನೋಡಿದ, ನನ್ನನ್ನು ನೋಡಿದ, ಫೋನು ಎಲ್ಲಿದೆ ಎಂದು ಕೂಡ ಒಮ್ಮೆ ನೋಡಿಕೊಂಡ. ನಾನು ಹಬ್ಬ, ಹೂವು, ಒದೆತ, ಎಲ್ಲವನ್ನೂ ವಿವರಿಸಿದೆ. ಒದೆತದ ಜಾಗಕ್ಕೆ ಬಂದಾಗ ಅವನಿಗೆ ನನ್ನ ಮೇಲೆ ನಂಬಿಕೆ ಬಂತು. ಅವನಿಗೂ ಮದುವೆಯಾಗಿತ್ತು ಎಂದು ಕಾಣುತ್ತದೆ. ಮೊದಲು ಐವತ್ತರ ಕೋವಿ ತೆಗೆದ. ಮೊಗ್ಗು ಅರ್ಧ ಇಳಿಯಿತು. ನಲವತ್ತೈದರದ್ದು ತೆಗೆದ. ಮೊಗ್ಗು ಬಾಯಿಯ ಮೇಲೆ ಕೂತಿತು, ಆದರೆ ಬೆರಳಿನಿಂದ ಒತ್ತಿದರೆ ಹೋದೀತು ಎನ್ನುವಂತಿತ್ತು. ಮೂಲೆಯಲ್ಲಿ ಇನ್ನೂ ತೆಳ್ಳಗಿನದೊಂದು ಇತ್ತು. ಮೂವತ್ತಾರು. ಒತ್ತಿದರೂ ಮೊಗ್ಗು ಜಗ್ಗಲಿಲ್ಲ.

"ಇದೇ," ಎಂದೆ.

ಇದು ಅಳಿಲಿನ ಕೋವಿ, ಜಿಂಕೆಗೆ ಸಾಲದು ಎಂದ ಟೋನಿ. ಕಿರಿದಾದ ಡಕ್ಟಿನಲ್ಲಿ ಗಾಳಿಯ ವೇಗ ಹೆಚ್ಚಾಗುತ್ತದೆ, ಇದರಲ್ಲೂ ಹಾಗೇ ಆಗುತ್ತದೆ ಎಂದು ನಾನು ಅವನಿಗೆ ತಿಳಿಹೇಳಿದೆ. ಅವನು ವಾದ ಮಾಡಲಿಲ್ಲ. ಲೈಸೆನ್ಸು ಇದ್ದವರೇ ಬಂದು ಒಯ್ಯಬೇಕು, ಅಲ್ಲಿಯವರೆಗೆ ತೆಗೆದಿಟ್ಟಿರುತ್ತೇನೆ ಎಂದ. ಹೆಂಡತಿಯನ್ನು ಬೇಗ ಕರೆದುಕೊಂಡು ಬನ್ನಿ ಎಂದು ಎರಡು ಸಲ ಹೇಳಿದ.

ಶನಿವಾರ ಬೆಳಿಗ್ಗೆ "ದೇಚು, ಒಂದು ಅಂಗಡಿಗೆ ಹೋಗಿ ಬರೂಣೇನು?" ಎಂದೆ. "ಆಯ್ತು," ಎಂದಳು. ಕಾರು ಎಲ್ಲಿ ನಿಂತಿತು ಎಂದು ನೋಡಿದಾಗ ಅವಳ ಮುಖ ಗಟ್ಟಿಯಾಯಿತು. ಬೆಲ್ಟು ಬಿಚ್ಚಲಿಲ್ಲ.

"ಇಲ್ಲಿಗ್ಯಾಕೆ ಬಂದ್ವಿ?"

"ಒಂದು ಕೋವಿ ಆರಿಸೀನಿ. ಒಮ್ಮೆ ನೋಡು. ಬ್ಯಾಡಂದ್ರ ವಾಪಸ್ ಹೋಗೂಣು, ಮತ್ತ ಯಾವತ್ತೂ ಕೇಳಂಗಿಲ್ಲ."

ಅವಳು ನನ್ನನ್ನೇ ನೋಡಿದಳು. "ನೀವು ಆರಿಸಿದ್ದಾ?" ಎಂದಳು. ಆಮೇಲೆ ಬೆಲ್ಟು ಬಿಚ್ಚಿದಳು.

ಟೋನಿ ಮೂವತ್ತಾರರ ಕೋವಿಯನ್ನು ಎರಡು ಕೈಯಲ್ಲಿ, ಕೂಸನ್ನು ಕೊಡುವಂತೆ ಕೊಟ್ಟ. ದೇಚಮ್ಮನ ಮನಸ್ಸು ಬೇಡ ಎನ್ನುತ್ತಿದ್ದರೂ ಕೈಗಳಿಗೆ ಅಭ್ಯಾಸವಿತ್ತು. ಬಾಯಿಯನ್ನು ಮೇಲಕ್ಕೆ ಮಾಡಿ ಹಿಡಿದು, ಮೊದಲು ಕಡ್ಡಿ ಇಳಿಸಿದಳು. ಟಣ್ ಎಂದು ತಳ ತಾಗಿತು. ಆ ಸದ್ದು ಕೇಳಿದ ಮೇಲೆಯೇ ಅವಳು ಉಸಿರು ಬಿಟ್ಟದ್ದು. ಆಮೇಲೆ ನಳಿಗೆಯ ಬಾಯಿ ನೋಡಿದಳು. ಬಹಳ ಹೊತ್ತು ನೋಡಿದಳು.

"ಇದು ಯಾವ ಪ್ರಾಣಿಗೆ?"

"ಜಿಂಕಿಗೆ."

"ಇದರಲ್ಲಿ ಹೊಡೆದ್ರೆ ಜಿಂಕೆ ತಿರುಗಿ ನೋಡಿ, ಮೈ ಕೆರ್ಕೊಂಡು ಹೋಗುತ್ತೆ."

ಟೋನಿಗೆ ಕನ್ನಡ ಬರದಿದ್ದರೂ ತಲೆಯಾಡಿಸಿದ. ನಾನು ಡಕ್ಟಿನ ವಿಷಯ ಎತ್ತಿದೆ. ಅದು ತಪ್ಪಾಯಿತು.

"ಡಕ್ಟು ಅಂತೆ. ಜಿಂಕೆ ಏನು ಬಿಲ್ಡಿಂಗಾ? ರೀ, ಬಿದ್ರೆ ಒಂದೇ ಏಟಿಗೆ ಬೀಳ್ಬೇಕು. ಗಾಯ ಆಗಿ ಓಡಿ ಹೋದ್ರೆ ಅದು ಕಾಡಲ್ಲಿ ಹೇಗೆ ನರಳುತ್ತೆ ಗೊತ್ತಾ ನಿಮಗೆ? ಹೊಟ್ಟೆ ತುಂಬ ಸೊಪ್ಪು ತಿಂತೀರಿ, ಒಂದು ಪ್ರಾಣಿ ಮೇಲೆ ಕರುಣೆ ಅನ್ನೋದು ಬೇಡ್ವಾ?"

ಏಳು ತಲೆಮಾರಿನ ಸಸ್ಯಾಹಾರಿ ಮನೆತನದಲ್ಲಿ ಹುಟ್ಟಿದ ನನಗೆ, ಬಂದೂಕಿನ ಅಂಗಡಿಯಲ್ಲಿ, ಕರುಣೆಯ ಪಾಠವಾಯಿತು. ನನಗೆ ಎಷ್ಟು ಸಂತೋಷವಾಯಿತೆಂದರೆ ಕಣ್ಣಲ್ಲಿ ನೀರು ಬಂತು. ಅವಳು ಬಯ್ಯುತ್ತಿದ್ದಳು. ಮೊದಲಿನ ಹಾಗೆ, ಉಸಿರು ತೆಗೆದುಕೊಳ್ಳದೆ, ನನ್ನ ಅಕ್ಕನ ಮನೆಯವರ ಬುದ್ಧಿಯನ್ನೂ ಜೊತೆಗೆ ಸೇರಿಸಿಕೊಂಡು ಬಯ್ಯುತ್ತಿದ್ದಳು.

ಆಮೇಲೆ ನನ್ನನ್ನು ಯಾರೂ ಕೇಳಲಿಲ್ಲ. ಅವಳೂ ಟೋನಿಯೂ ಸೇರಿ ಗಲ್ಲೆಯ ಮೇಲೆ ಕೋವಿಗಳನ್ನು ಹರಡಿದರು. ಐವತ್ತರದ್ದನ್ನು ಭುಜಕ್ಕೆ ಕೊಟ್ಟು ನೋಡಿ, ತೂಕ ಮುಂದಕ್ಕೆ ಎಳೆಯುತ್ತದೆ ಎಂದು ಕೆಳಗಿಟ್ಟಳು. ನಲವತ್ತೈದರದ್ದನ್ನು ಎತ್ತಿದಳು, ಇಳಿಸಿದಳು, ಮತ್ತೆ ಎತ್ತಿದಳು. ಕೊನೆಗೆ ಕೆನ್ನೆಯನ್ನು ಕೋವಿಯ ಮರದ ಹಿಡಿಗೆ ತಾಗಿಸಿ ಹಾಗೇ ನಿಂತಳು. "ಜಿಂಕೆಗೆ ಇದಕ್ಕಿಂತ ಚಿಕ್ಕದು ಬೇಡ, ನನ್ನ ಭುಜಕ್ಕೆ ಇದಕ್ಕಿಂತ ದೊಡ್ಡದು ಬೇಡ," ಎಂದಳು. "ದೂರದಿಂದ ಹೊಡೆಯೋಕೆ ಹೋಗಬಾರದು ಅಷ್ಟೆ. ಹತ್ತಿರ ಬರೋವರೆಗೂ ಕಾಯಬೇಕು. ಬರದೇ ಇದ್ರೆ ಸುಮ್ಮನೆ ಮನೆಗೆ ಬರಬೇಕು." ಹಳೆಯ ಐವತ್ನಾಲ್ಕನ್ನು ತಂದು ಇಲ್ಲೇ ಕೊಟ್ಟುಬಿಡುವುದೆಂದೂ ಅವರಿಬ್ಬರಲ್ಲೇ ಮಾತಾಯಿತು.

ಅಷ್ಟರಲ್ಲಿ ಅವಳ ಕಣ್ಣು ನನ್ನ ಕೈಯಲ್ಲಿದ್ದ ಉಪ್ಪಿನಕಾಯಿ ಡಬ್ಬಿಯ ಮೇಲೆ ಬಿತ್ತು. ನಳಿಗೆಗೆ ಮೊಗ್ಗಿನ ಅಳತೆ ಹಿಡಿದ ಕಥೆಯನ್ನು ಹೇಳಬೇಕಾಯಿತು. ಅವಳು ಮೊಗ್ಗನ್ನು ಕೈಗೆ ತೆಗೆದುಕೊಂಡು ಹೊರಳಿಸಿ ನೋಡಿದಳು.

"ಹೂವು ಒಳಗೆ ಹೋಗದೇ ಇರೋ ಕೋವಿ ಹುಡುಕಿದ್ರಾ?"

"ಹೌದು."

"ಹೂವೇ ಇಡದೇ ಇದ್ರೆ ಆಗ್ತಿತ್ತಲ್ಲ."

ಪದವಿ ಪಡೆದು, ಎರಡು ದೇಶಗಳಲ್ಲಿ ನೌಕರಿ ಮಾಡಿ, ಹತ್ತಾರು ಕಟ್ಟಡಗಳಿಗೆ ಗಾಳಿ ಹಂಚಿದ ನನಗೆ ಇದು ಹೊಳೆದಿರಲಿಲ್ಲ. ಅವಳು ಏನೆಂದಳು ಎಂದು ಟೋನಿ ಕೇಳಿದ. ನಾನು ಅನುವಾದಿಸಲಿಲ್ಲ.

ಮನೆಗೆ ಬರುವ ದಾರಿಯುದ್ದಕ್ಕೂ ಹೀಟರಿನ ಬಗ್ಗೆ ಜಗಳವಾಡಿದೆವು. ಅವಳು ಗೆದ್ದಳು. ಮನೆಯ ಮುಂದೆ ಕಾರು ನಿಂತ ಮೇಲೆ ಮಾತ್ರ ಮೆಲ್ಲಗೆ ಹೇಳಿದಳು. "ಒಂದು ಮಾತು. ನನ್ನ ಕೈಲಿ ಕೋವಿ ಇದ್ದಾಗ ನೀವು ಯಾವತ್ತೂ ನನ್ನ ಬೆನ್ನ ಹಿಂದೆ. ಕೋವಿ ಸತ್ತೇ ಹೋಗಿದೆ ಅನ್ನಿಸಿದ್ರೂ ಹಿಂದೆ. ನಾನು ಪ್ರತಿ ಸಲ ಕಡ್ಡಿ ಇಳಿಸಿ ನಿಮಗೆ ಸದ್ದು ಕೇಳಿಸ್ತೀನಿ."

"ಆಯ್ತು," ಎಂದೆ. ಈಗ ಆ ಪದ ನನ್ನ ಪಾಲಿಗೆ ಬಂದಿದೆ.

ನವರಾತ್ರಿಯ ಆಯುಧಪೂಜೆಯ ದಿನ ಬೇಸ್‌ಮೆಂಟಿನಲ್ಲಿ ಹೊಸ ಕೋವಿಗೆ ಪೂಜೆ. ಕಿತ್ತಳೆ ಜಾಕೀಟು ಚೀಲದಿಂದ ಹೊರಬಂದು ಕುರ್ಚಿಯ ಬೆನ್ನಿಗೆ ತೂಗುತ್ತಿತ್ತು. ದೇಚಮ್ಮ ಕಡ್ಡಿ ಇಳಿಸಿದಳು. ಟಣ್. ನಾನು ಬೆನ್ನ ಹಿಂದೆ ನಿಂತು ಕೇಳಿಸಿಕೊಂಡೆ. ಕೋವಿಗೆ ಕುಂಕುಮ ಮಾತ್ರ. ಹೂವು ಕಾರಿಗೆ, ಚಾಕುಗಳಿಗೆ, ಹಿಮದ ಸಲಿಕೆಗೆ, ನನ್ನ ಲ್ಯಾಪ್‌ಟಾಪಿಗೆ, ಮುತ್ತುವಿನ ಒತ್ತಾಯಕ್ಕೆ ಟೋಸ್ಟರಿಗೆ. ತಟ್ಟೆಯಲ್ಲಿ ಒಂದು ಸೇವಂತಿಗೆ ಉಳಿಯಿತು. ದೇಚಮ್ಮ ಅದನ್ನು ಹಿಡಿದುಕೊಂಡು ಬೇಸ್‌ಮೆಂಟನ್ನೆಲ್ಲ ಒಮ್ಮೆ ನೋಡಿ, ನನ್ನ ಹತ್ತಿರ ಬಂದು, ನನ್ನ ಕಿವಿಯ ಮೇಲೆ ಸಿಕ್ಕಿಸಿದಳು.

"ನನಗ್ಯಾಕ?" ಎಂದೆ.

"ಕಡ್ಡಿ ಇಳಿಸಿ ನೋಡದೇ ಖಾಲಿ ಅಂತ ಹೇಳಬಹುದಾದ್ದು ಈ ಮನೇಲಿ ಇದೊಂದೇ," ಎಂದು ನನ್ನ ತಲೆಯನ್ನು ಬೆರಳಿನಿಂದ ತಟ್ಟಿದಳು. ಮುತ್ತು ಫೋಟೋ ತೆಗೆದಳು. ನಾನು ಎದುರು ಮಾತಾಡಲು ಬಾಯಿ ತೆರೆದೆ. ದೇಚಮ್ಮ ಕೋವಿ ಕೈಗೆತ್ತಿಕೊಂಡಿದ್ದಳು, ನಾನು ಬಾಯಿ ಮುಚ್ಚಿ, ಕಿವಿಯ ಹೂವು ಬೀಳದಂತೆ ಹಿಡಿದುಕೊಂಡು, ಸುತ್ತು ಹಾಕಿ ಅವಳ ಬೆನ್ನ ಹಿಂದೆ ಹೋಗಿ ನಿಂತೆ.